ಪದಚರ್ಚೆ: ಹಿಟ್ಟೈಟರ ‘ನಿಂದ’, ‘ಹರ್ಷಿ’ ಮತ್ತು ಫ್ರಿಜಿಯನ್ನರ ‘ಬೆಕೋಸ್’

ಮಾನ್ಯರೇ,
ಪ್ರಾಚೀನ ಅನಟೋಲಿಯಾದ (ಇಂದಿನ ಟರ್ಕಿಯ) ಆಹಾರವನ್ನು ಕುರಿತ ಲೇಖನವೊಂದನ್ನು ಕನ್ನಡಿಸುತ್ತಿದ್ದು, ಸೋಮವಾರ ಅದನ್ನು ಅಚ್ಚಿಗೆ ಕೊಡಬೇಕಾಗಿದೆ. ಹಿಟ್ಟೈಟ್ ಭಾಷೆಯಲ್ಲಿ ರೊಟ್ಟಿಗೆ ‘ನಿಂದ’, ದಪ್ಪ ರೊಟ್ಟಿಗೆ ‘ಹರ್ಷಿ’, ಫ್ರಿಜಿಯನ್ ಭಾಷೆಯಲ್ಲಿ ರೊಟ್ಟಿಗೆ ‘ಬೆಕೋಸ್’ ಎಂದು ಅದರಲ್ಲಿದೆ. ಇವು ಒಂದೇ ಮೂಲದವೇ? ‘ಹರ್ಷಿ’ಯು ಸಂಸ್ಕೃತದ ‘ಹರ್ಷ’ವೇ ಎಂದು ಸ್ನೇಹಿತರೊಬ್ಬರು ಹೇಳುತ್ತಾರೆ, ಟಿಪ್ಪಣಿಯಲ್ಲಿ ಸೇರಿಸಬಹುದೇ?

*

ಸೇರಿಸಬೇಡಿ. ಸಂಸ್ಕೃತದ ಇಂಥ ‘ಹ’ಕಾರಕ್ಕೆ ಹಿಟ್ಟೈಟ್‌ನಲ್ಲಿ ಸಂವಾದಿಯಾಗಿ ನಿಲ್ಲುವುದು ಕ-ಗ ವರ್ಗದ ಧ್ವನಿಯೇ ಹೊರತು ‘ಹ’ ಅಲ್ಲ; ನಮ್ಮ ‘ಹೇಮಂತ’ಕ್ಕೆ ಅಲ್ಲಿನ ಜ್ಞಾತಿಪದ (ಒಂದೇ ಮೂಲದಿಂದ ಬಂದ ಪದ) ‘ಗಿಮ್ಮಂತ್’, ಅಂದರೆ ಚಳಿಗಾಲ. ಕಿವಿಗೆ ಒಂದೇ ಬಗೆಯಾಗಿ ಕೇಳಿಸುವುದನ್ನೆಲ್ಲ ನಂಟು ಎನ್ನುವವರು ನಾಳೆ ‘ಹಿಟ್ಟೈಟ್’ ಪದವನ್ನು ‘ಹಿಟ್ಟಿ’ನಿಂದ ತೆಗೆದಾರು.

‘ನಿಂದ’ದ ತೊಡಕು ಬೇರೆ. ಅದು ಹಿಟ್ಟೈಟ್ ಪದವಲ್ಲ, ಮೆಸೊಪೊಟೇಮಿಯಾದ ಸುಮೇರಿಯನ್ ಭಾಷೆಯ ಪದ. ಬೊಗಾಜ್‌ಕೊಯ್ ಬಳಿಯ ಹಿಟ್ಟೈಟ್ ರಾಜಧಾನಿ ಹತ್ತುಶದ ಲಿಪಿಕಾರರು ಆ ಕ್ಯೂನಿಫಾರ್ಮ್ (ಬೆಣೆಲಿಪಿ) ಚಿಹ್ನೆಯನ್ನು ಬರೆದು, ಅದಕ್ಕೆ ತಮ್ಮ ವಿಭಕ್ತಿಯನ್ನು ಹಚ್ಚಿ, ತಮ್ಮ ಮಾತಿನಲ್ಲೇ ಓದುತ್ತಿದ್ದರು. ನಾವು ‘5ಕ್ಕೆ’ ಎಂದು ಬರೆದು ‘ಐದಕ್ಕೆ’ ಎಂದು ಓದುವ ಹಾಗೆ. 1915ರಲ್ಲಿ ಜೆಕ್ ವಿದ್ವಾಂಸ ಹ್ರೋಜ್ನಿ ಹಿಟ್ಟೈಟ್ ಭಾಷೆಯ ಗಂಟನ್ನು ಬಿಡಿಸಿದ ವಾಕ್ಯದಲ್ಲಿ ಇರುವುದೂ ಇದೇ: ‘ನು ನಿಂದ-ಅನ್ ಎತ್ಸತ್ತೇನಿ, ವಾತರ್-ಮ ಎಕುತ್ತೇನಿ’, ಅಂದರೆ ‘ರೊಟ್ಟಿಯನ್ನು ತಿನ್ನುವಿರಿ, ನೀರನ್ನು ಕುಡಿಯುವಿರಿ’. ‘ನಿಂದ-ಅನ್’ ಎಂಬುದರಲ್ಲಿ ‘ಅನ್’ ಎಂಬ ದ್ವಿತೀಯಾ ಪ್ರತ್ಯಯ ಮಾತ್ರ ಹಿಟ್ಟೈಟರದು. ರೋಮನ್ ಲಿಪಿಯಲ್ಲಿ ಸುಮೇರಿಯನ್ ಚಿಹ್ನೆಗಳನ್ನು ದೊಡ್ಡಕ್ಷರದಲ್ಲಿ ಬರೆದು ಬೇರ್ಪಡಿಸುತ್ತಾರೆ. ಕನ್ನಡದಲ್ಲಿ ಆ ಸೌಲಭ್ಯವಿಲ್ಲದ್ದರಿಂದ ಚಿಹ್ನೆ ಯಾವುದು, ಪದ ಯಾವುದು ಎಂಬುದು ಕಲಸಿಹೋಗುತ್ತದೆ. ಸಾಲದ್ದಕ್ಕೆ ನಮ್ಮ ಓದುಗರಿಗೆ ‘ನಿಂದ’ ಎಂಬುದು ಪಂಚಮಿಯಂತೆ ಕಾಣಿಸುತ್ತದೆ. ಅಲ್ಲೆಲ್ಲ ‘ರೊಟ್ಟಿ’ ಎಂದೇ ಬರೆಯಿರಿ.

ಫ್ರಿಜಿಯನ್ ಭಾಷೆ ಅನಟೋಲಿಯಾದ ನೆಲದಲ್ಲಿ ಇದ್ದರೂ ಹಿಟ್ಟೈಟ್, ಲುವಿಯನ್‌ಗಳ ಅನಟೋಲಿಯನ್ ಶಾಖೆಗೆ ಸೇರಿದ್ದಲ್ಲ. ಅದರ ಹತ್ತಿರದ ನಂಟು ಗ್ರೀಕ್‌ನೊಂದಿಗೆ. ಮಾತು ಕೇಳಿಸದೆ ಬೆಳೆಸಿದ ಎರಡು ಮಕ್ಕಳು ಮೊದಲು ‘ಬೆಕೋಸ್’ ಎಂದರೆಂದು ಗ್ರೀಕ್ ಇತಿಹಾಸಕಾರ ಹೆರೊಡೊಟಸ್ ಹೇಳುವ ಈಜಿಪ್ಟಿನ ಅರಸ ಸಾಮೆಟಿಕಸ್‌ನ ಕಥೆಯನ್ನು ನಂಬಬೇಕಾಗಿಲ್ಲ, ಆದರೆ ಪದ ನಿಜವಾದದ್ದು: ರೋಮನ್ ಕಾಲದ ಫ್ರಿಜಿಯನ್ ಶಾಸನಗಳ ಶಾಪವಾಕ್ಯಗಳಲ್ಲಿ ಅದು ಸಿಗುತ್ತದೆ.

*

ಹಿಂದಿನ ಪತ್ರವನ್ನು ಒಪ್ಪುತ್ತೇನೆ, ಆದರೆ ಅದು ಅರ್ಧದಲ್ಲೇ ನಿಂತಿದೆ. ‘ವಗೆಶ್ಶರ್’ ಎಂಬ ಹಿಟ್ಟೈಟ್ ರೊಟ್ಟಿಯ ಹೆಸರು ಕಚ್ಚು ಎಂಬ ಅರ್ಥದ ‘ವಾಕ್’ ಧಾತುವಿನಿಂದ ಬಂದಿರುವಾಗ ಅದನ್ನು ‘ಕಚ್ಚುರೊಟ್ಟಿ’ ಎನ್ನಲು ಏನು ಅಡ್ಡಿ? ಪರಭಾಷೆಯ ಹೆಸರುಗಳನ್ನು ಹಾಗೆಯೇ ತಂದು ಸುರಿಯುವುದು ಅನುವಾದವಲ್ಲ, ಸೋಮಾರಿತನ.

*

ಸೋಮಾರಿತನವಲ್ಲ, ಎಚ್ಚರ. ‘ದಪ್ಪ ರೊಟ್ಟಿ’, ‘ತೆಳು ರೊಟ್ಟಿ’, ‘ಸೈನಿಕರ ರೊಟ್ಟಿ’ ಮುಂತಾದವುಗಳ ಅರ್ಥವನ್ನು ಹಿಟ್ಟೈಟರ ಮಣ್ಣಿನ ಫಲಕಗಳೇ ಬಿಡಿಸಿ ಹೇಳುವುದರಿಂದ ಅವನ್ನು ಅನುವಾದಿಸಬೇಕು. ‘ವಗೆಶ್ಶರ್’ ಕಚ್ಚುವ ಧಾತುವಿನದು ಎಂದಷ್ಟೇ ವ್ಯಾಕರಣ ಹೇಳುತ್ತದೆ. ಅದು ಒಂದು ತುತ್ತಿನಷ್ಟು ಚಿಕ್ಕದೋ ಕಚ್ಚಿ ತಿನ್ನುವಷ್ಟು ಗಟ್ಟಿಯೋ ಎಂದು ಹೇಳುವುದಿಲ್ಲ. ‘ಕಚ್ಚುರೊಟ್ಟಿ’ ಎಂದೊಡನೆ ಓದುಗರು ಅದಕ್ಕೊಂದು ರೂಪವನ್ನು ಕಲ್ಪಿಸಿಕೊಳ್ಳುತ್ತಾರೆ. ಇನ್ನು ಎರವಲಿನ ಮಾತು: ಹಟ್ಟಿಕ್, ಹುರ್ರಿಯನ್, ಲುವಿಯನ್ ಎಂಬ ಬೇರೆ ಭಾಷೆಗಳ ಪದಗಳನ್ನು ತಮ್ಮ ವಿಧಿಗ್ರಂಥಗಳಲ್ಲಿ ಸಂಕೋಚವಿಲ್ಲದೆ ಬಳಸಿದ ಜನರಿಗೆ ನಾವು ಇಲ್ಲಿ ಕುಳಿತು ಅಚ್ಚಭಾಷೆಯ ಮಡಿ ಉಡಿಸಬೇಕಾಗಿಲ್ಲ. ‘ವಗೆಶ್ಶರ್ ಎಂಬ ಬಗೆಯ ರೊಟ್ಟಿ’ ಎಂದು ಅಚ್ಚಿಗೆ ಕೊಡಿ.