ಮಗಳು ಶಾಲೆಯಿಂದ ವಿದೇಶಕ್ಕೆ ಹೊರಟಿದ್ದಾಳೆ, ಗೊತ್ತಿಲ್ಲದವರ ಮನೆಯಲ್ಲಿ ಇರಬೇಕು. ಅಪ್ಪ ಅಮ್ಮ ಏನು ತಯಾರಿ ಮಾಡಿಕೊಳ್ಳಬೇಕು?

ಪ್ರಶ್ನೆ: ಮೇಡಂ, ನನ್ನ ಮಗಳಿಗೆ 13 ವರ್ಷ. ಶಾಲೆಯವರು ಎಕ್ಸ್‌ಚೇಂಜ್ ಟ್ರಿಪ್ ಅಂತ ಬೇರೆ ದೇಶಕ್ಕೆ ಕರೆದುಕೊಂಡು ಹೋಗುತ್ತಿದ್ದಾರೆ. ಹೋಟೆಲ್ ಅಲ್ಲ, ಅಲ್ಲಿನ ಒಂದು ಹೋಸ್ಟ್ ಫ್ಯಾಮಿಲಿ ಜೊತೆ ಇರಬೇಕು. ಅವಳಿಗೆ ಖುಷಿಯೋ ಖುಷಿ, ನನಗೆ ರಾತ್ರಿ ನಿದ್ದೆ ಬರುತ್ತಿಲ್ಲ. ಸಭೆಯಲ್ಲಿ ವೀಸಾ, ಬಟ್ಟೆ, ದುಡ್ಡು ಎಲ್ಲ ಹೇಳಿದರು. ಆ ಮನೆಯವರು ಎಂಥವರು, ಇವಳು ಅತ್ತರೆ ಯಾರು ನೋಡಿಕೊಳ್ಳುತ್ತಾರೆ ಅಂತ ಯಾರೂ ಹೇಳಲಿಲ್ಲ. ಜಾಸ್ತಿ ಕೇಳಿದರೆ ಬೇಜಾರು ಮಾಡಿಕೊಳ್ಳುತ್ತಾರೇನೋ ಅಂತ ಸುಮ್ನೆ ಬಂದೆ.

ಉತ್ತರ (ಶಿಕ್ಷಕಿ, ಶಾಲಾ ವಿನಿಮಯ ಪ್ರವಾಸಗಳ ಸಂಯೋಜಕಿ): ಸುಮ್ನಿರಬೇಡಿ, ಕೇಳಿ. ಕೇಳುವುದು ನಿಮ್ಮ ಹಕ್ಕು. ಸರಿಯಾಗಿ ಕೆಲಸ ಮಾಡಿರುವ ಸಂಯೋಜಕರ ಹತ್ತಿರ ಉತ್ತರ ಮೊದಲೇ ಇರುತ್ತದೆ.

ಆ ಮನೆಯಲ್ಲಿ ಯಾರ್ಯಾರು ಇದ್ದಾರೆ? ದೊಡ್ಡವರೆಲ್ಲರ ಪೊಲೀಸ್ ದಾಖಲೆ ನೋಡಿದ್ದಾರಾ, ಅಥವಾ ಅರ್ಜಿ ತುಂಬಿದ ಒಬ್ಬರದು ಮಾತ್ರವಾ? ಶಾಲೆಯ ಕಡೆಯವರು ಯಾರಾದರೂ ಹೋಗಿ ಮನೆ ನೋಡಿದ್ದಾರಾ? ಮಗಳಿಗೆ ಬೇರೆ ಹಾಸಿಗೆ ಇದೆಯಾ, ಕೋಣೆಯಲ್ಲಿ ಜೊತೆಗೆ ಯಾರಿರುತ್ತಾರೆ? ಅಮೆರಿಕಕ್ಕೆ ಜೆ-1 ಎಂಬ ವಿನಿಮಯ ವೀಸಾದಲ್ಲಿ ಓದಲು ಹೋಗುವ ಹೈಸ್ಕೂಲ್ ಮಕ್ಕಳ ವಿಷಯದಲ್ಲಿ, ಹೋಸ್ಟ್ ಮನೆಯ 18 ತುಂಬಿದ ಪ್ರತಿಯೊಬ್ಬರ ಅಪರಾಧ ದಾಖಲೆ ನೋಡಲೇಬೇಕು ಎಂಬ ನಿಯಮವಿದೆ. ನಿಮ್ಮದು ಚಿಕ್ಕ ಪ್ರವಾಸ, ಬೇರೆ ದೇಶ ಇರಬಹುದು. ಆದರೂ ಅದನ್ನೇ ಅಳತೆಯಾಗಿ ಇಟ್ಟುಕೊಳ್ಳಿ. "ತುಂಬಾ ಒಳ್ಳೆಯ ಜನ" ಅನ್ನುವುದು ಉತ್ತರ ಅಲ್ಲ.

ಎಲ್ಲಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ಆ ಮನೆ ಸರಿಬರದಿದ್ದರೆ ಮುಂದೇನು? ಬದಲಿ ಮನೆ ಈಗಲೇ ಗೊತ್ತಾಗಿದೆಯಾ, ಜೊತೆಗೆ ಹೋಗುವ ಟೀಚರ್ ಎಷ್ಟು ದೂರದಲ್ಲಿ ಉಳಿದುಕೊಳ್ಳುತ್ತಾರೆ, ಅವರ ಫೋನ್ ರಾತ್ರಿಯೂ ಆನ್ ಇರುತ್ತದಾ? ಇದಕ್ಕೆ ಬರವಣಿಗೆಯಲ್ಲಿ ಉತ್ತರ ತೆಗೆದುಕೊಳ್ಳಿ.

ಮಗಳಿಗೆ ಒಂದು ಮಾತು ಸ್ಪಷ್ಟವಾಗಿ ಹೇಳಿ: ಏನಾದರೂ ಸರಿಯಿಲ್ಲ ಅನ್ನಿಸಿದರೆ ಮೊದಲ ಫೋನ್ ಟೀಚರ್‌ಗೆ, ಎರಡನೆಯದು ನಮಗೆ. ನೀವು ಎಷ್ಟೇ ಪ್ರೀತಿಯಿಂದ ಓಡಿಬಂದರೂ ತಲುಪುವುದಕ್ಕೆ ದಿನ ಬೇಕು, ಟೀಚರ್ ಅದೇ ಊರಲ್ಲಿರುತ್ತಾರೆ. "ನನಗೆ ಇಲ್ಲಿ ಇರೋಕೆ ಆಗ್ತಿಲ್ಲ" ಅಂದರೆ ಸಾಕು, ಕಾರಣ ವಿವರಿಸಬೇಕಿಲ್ಲ, ಆ ಮನೆಯವರಿಗೆ ಬೇಜಾರಾಗುತ್ತದೆ ಅಂತ ಯೋಚಿಸಬೇಕಿಲ್ಲ ಅಂತ ಹೇಳಿಕೊಡಿ. ಸಂಕೋಚದ ಮಕ್ಕಳು ಅಲ್ಲೇ ಸಿಕ್ಕಿಹಾಕಿಕೊಳ್ಳುವುದು. ಮನೆಯಲ್ಲಿ ಒಂದೆರಡು ಸಲ ಬಾಯಿಬಿಟ್ಟು ಹೇಳಿಸಿ ನೋಡಿ.

ಅಳುವುದರ ಬಗ್ಗೆ. ಮನೆ ನೆನಪಾಗುವುದು ಸಹಜ, ಅದರಲ್ಲೂ ಮೊದಲ ದಿನಗಳಲ್ಲಿ, ಮಲಗುವ ಹೊತ್ತಿಗೆ. "ಬೇಜಾರಾದರೆ ಹೇಳು, ಬಂದು ಕರೆದುಕೊಂಡು ಬರ್ತೀನಿ" ಅಂತ ಮಾತ್ರ ಮಾತು ಕೊಡಬೇಡಿ. ಅಮೆರಿಕದ ಮಕ್ಕಳ ವೈದ್ಯರ ಸಂಘವಾದ ಅಮೆರಿಕನ್ ಅಕಾಡೆಮಿ ಆಫ್ ಪೀಡಿಯಾಟ್ರಿಕ್ಸ್ 2007ರಲ್ಲಿ ಮನೆ ಹಂಬಲದ ಬಗ್ಗೆಯೇ ಒಂದು ವರದಿ ತಂದಿತು, ಅದರಲ್ಲೂ ಇದನ್ನೇ ಹೇಳಿದ್ದಾರೆ. ಆ ಮಾತು ಕೇಳಿದ ಮಗುವಿಗೆ ಅಪ್ಪ ಅಮ್ಮನಿಗೇ ನನ್ನ ಮೇಲೆ ನಂಬಿಕೆ ಇಲ್ಲ ಅನ್ನಿಸುತ್ತದೆ. ಹೊರಡುವ ಮುಂಚೆ ನೆಂಟರ ಅಥವಾ ಗೆಳತಿಯ ಮನೆಯಲ್ಲಿ ಕೆಲವು ರಾತ್ರಿ ನೀವಿಲ್ಲದೆ ಇರಲಿ. ಅದಕ್ಕಿಂತ ಒಳ್ಳೆಯ ತಯಾರಿ ನನಗೆ ಗೊತ್ತಿಲ್ಲ.

ಇನ್ನೊಬ್ಬ ಪೋಷಕರು: ನಮ್ಮ ಹುಡುಗನೂ ಹೋಗುತ್ತಿದ್ದಾನೆ ಮೇಡಂ. ದಿನಕ್ಕೆ ಎರಡು ಸಲ ವಿಡಿಯೋ ಕಾಲ್ ಮಾಡಿದರೆ ನಮಗೂ ಸಮಾಧಾನ ಅಲ್ವಾ? ಶಾಲೆಯವರು ಬೇಡ ಅನ್ನುತ್ತಿದ್ದಾರೆ.

ಉತ್ತರ: ನಿಮಗೆ ಸಮಾಧಾನ ಸರ್, ಅವನಿಗಲ್ಲ. ಆ ಮನೆಯ ಮಕ್ಕಳ ಜೊತೆ ಆಡುತ್ತಿರುವವನನ್ನು ಎಬ್ಬಿಸಿ ಕ್ಯಾಮೆರಾ ಮುಂದೆ ಕೂರಿಸಿದರೆ ಅವನ ಮನಸ್ಸು ಮತ್ತೆ ನಿಮ್ಮ ಹತ್ತಿರ ಬಂದುಬಿಡುತ್ತದೆ. ಎಷ್ಟು ಸಲ, ಯಾವ ಹೊತ್ತಿಗೆ ಅಂತ ಹೊರಡುವ ಮುಂಚೆಯೇ ಅವನ ಜೊತೆ ಕೂತು ಗೊತ್ತುಮಾಡಿ. ಮಲಗುವ ಹೊತ್ತು ಬೇಡ. ಗಡಿಯಾರದ ವ್ಯತ್ಯಾಸ ನೋಡಿಕೊಳ್ಳಿ, ನಿಮಗೆ ಸಂಜೆ ಅಂದರೆ ಅಲ್ಲಿ ಪಾಠದ ಹೊತ್ತಿರಬಹುದು. ನಡುವೆ ಒಂದು ಫೋಟೋ, ಎರಡು ಸಾಲಿನ ಮೆಸೇಜ್ ಸಾಕು. ಉತ್ತರ ಬರದಿದ್ದರೆ ಗಾಬರಿಯಾಗಬೇಡಿ.

ಫೋನಿನಲ್ಲಿ ಅತ್ತರೆ ಪೂರ್ತಿ ಕೇಳಿ. ನೀವೂ ಅಳಬೇಡಿ, ಕಷ್ಟ, ಗೊತ್ತು. "ಟೀಚರ್‌ಗೆ ಹೇಳಿದ್ಯಾ? ನಾಳೆ ಏನು ಕಾರ್ಯಕ್ರಮ?" ಅಂತ ಕೇಳಿ. ಫೋನ್ ಇಟ್ಟಮೇಲೆ ನೀವೇ ಟೀಚರ್‌ಗೆ ಕರೆ ಮಾಡಿ ವಿಷಯ ತಿಳಿಸಿ. ಮನೆ ನೆನಪಿನ ಅಳು ಬೇರೆ, ಭಯದ ಅಳು ಬೇರೆ. ಯಾರೋ ಮುಟ್ಟಿದರು, ಬೈದರು, ಕೋಣೆಗೆ ಬಂದರು ಅಂತ ಹೇಳಿದರೆ ಬೆಳಗಾಗುವವರೆಗೆ ಕಾಯುವಂತಿಲ್ಲ, ಆಗಲೇ ಟೀಚರನ್ನು ಎಬ್ಬಿಸಿ.

ಮತ್ತೊಬ್ಬ ಪೋಷಕರು: ನನ್ನ ಮಗನಿಗೆ ಆಸ್ತಮಾ. ಔಷಧಿ ಯಾರ ಹತ್ತಿರ ಕೊಡಬೇಕು?

ಉತ್ತರ: ಇನ್ಹೇಲರ್ ಅವನ ಹತ್ತಿರವೇ ಇರಲಿ, ಇನ್ನೊಂದು ಟೀಚರ್ ಹತ್ತಿರ. ಔಷಧಿ ಎಲ್ಲ ಕ್ಯಾಬಿನ್ ಬ್ಯಾಗಿನಲ್ಲಿ, ಕಂಪನಿಯ ಡಬ್ಬಿಯಲ್ಲೇ, ಡಾಕ್ಟರ್ ಚೀಟಿಯ ಜೊತೆ. ಯಾವಾಗ ಏನು ಕೊಡಬೇಕು ಅಂತ ಹೋಸ್ಟ್ ಮನೆಯವರಿಗೆ ಅವರ ಭಾಷೆಯಲ್ಲಿ ಒಂದು ಹಾಳೆ ಬರೆದುಕೊಡಿ. ಒಂದು ಎಚ್ಚರಿಕೆ, ನಿಮ್ಮಲ್ಲಿ ಮಾಮೂಲಿಯಾದ ಮಾತ್ರೆ ಇನ್ನೊಂದು ದೇಶದಲ್ಲಿ ನಿಷೇಧವಿರಬಹುದು. ಎಡಿಎಚ್‌ಡಿಗೆ (ಗಮನ ನಿಲ್ಲದ, ಅತಿ ಚಟುವಟಿಕೆಯ ಸಮಸ್ಯೆಗೆ) ಕೊಡುವ ಆಂಫೆಟಮೈನ್ ಮಾತ್ರೆಯನ್ನು ಚೀಟಿ ಇದ್ದರೂ ಜಪಾನಿಗೆ ಒಯ್ಯುವಂತಿಲ್ಲ. ಹೋಗುವ ದೇಶದ ರಾಯಭಾರ ಕಚೇರಿಯಲ್ಲಿ ವಿಚಾರಿಸಿ. ಕಾಗದಪತ್ರದ ವಿಷಯದಲ್ಲಿ ಎರಡೇ ಮಾತು: ಅನೇಕ ದೇಶಗಳು ಪಾಸ್‌ಪೋರ್ಟಿಗೆ ಇನ್ನೂ 6 ತಿಂಗಳ ಅವಧಿ ಇರಬೇಕು ಅನ್ನುತ್ತವೆ, ಮತ್ತು ಅಪ್ಪ ಅಮ್ಮ ಇಬ್ಬರೂ ಸಹಿ ಮಾಡಿದ, ನೋಟರಿ ಆದ ಒಪ್ಪಿಗೆ ಪತ್ರ ಇದ್ದರೆ ಗಡಿಯಲ್ಲಿ ತೊಂದರೆ ಕಡಿಮೆ.

ಮೊದಲು ಕೇಳಿದವರು: ತುಂಬಾ ಥ್ಯಾಂಕ್ಸ್ ಮೇಡಂ. ಇವತ್ತೇ ಆ ಮನೆಯ ತಾಯಿ ಮೆಸೇಜ್ ಮಾಡಿ ಮಗಳ ಬಗ್ಗೆ ಹೇಳಿ ಅಂದಿದ್ದಾರೆ. ಏನು ಬರೆಯಲಿ?

ಉತ್ತರ: ಒಳ್ಳೆಯ ಲಕ್ಷಣ ಇದು! ಮಾರ್ಕ್ಸ್, ಬಹುಮಾನ ಬೇಡ. ಬೇಜಾರಾದಾಗ ಮೌನವಾಗುತ್ತಾಳಾ, ಸಿಟ್ಟಾಗುತ್ತಾಳಾ? ದೀಪ ಹಚ್ಚಿಟ್ಟು ಮಲಗುತ್ತಾಳಾ? ನಾಯಿ ಕಂಡರೆ ಭಯವಾ? ಇಂಥದ್ದು ಬರೆಯಿರಿ. ಅಲರ್ಜಿಯನ್ನೂ, ಬರೀ ಇಷ್ಟವಿಲ್ಲದ್ದನ್ನೂ ಬೇರೆ ಬೇರೆ ಸಾಲಿನಲ್ಲಿ ಹಾಕಿ. ಎರಡೂ ಸೇರಿದರೆ ನಿಜವಾಗಿ ಅಪಾಯದ್ದು ಯಾವುದು ಅಂತ ಅವರಿಗೆ ತಿಳಿಯುವುದಿಲ್ಲ. ಮುಟ್ಟಿನ ವಿಷಯ ಮಗಳ ಜೊತೆ ಮೊದಲೇ ಮಾತಾಡಿ, ಬೇಕಾದದ್ದನ್ನು ಬ್ಯಾಗಿಗೆ ಹಾಕಿ, ಸಹಾಯ ಬೇಕಾದರೆ ಆ ತಾಯಿಯನ್ನು ಕೇಳಬಹುದು ಅಂತ ಹೇಳಿ. ಏನು ಬರೆದಿರೋ ಅದನ್ನು ಕಳಿಸುವ ಮುಂಚೆ ಅವಳಿಗೂ ಓದಿಸಿ, ಅವಳು ಬೇಡ ಅಂದ ಸಾಲನ್ನು ಯಾಕೆ ಅಂತ ಕೇಳಿ ತೆಗೆಯಿರಿ. ಔಷಧಿ, ಅಲರ್ಜಿಯ ಸಾಲು ಮಾತ್ರ ತೆಗೆಯುವ ಹಾಗಿಲ್ಲ.