ಸೂಪರ್‌ಮಾರ್ಕೆಟ್‌ನವರಿಗೆ ಮರಿ ಮೀನು ಮಾರಬೇಡಿ ಅಂತ ಹೇಳೋದು ಹೇಗೆ? ಮುಂಬೈಯವರ ಅನುಭವ ಬೇಕು

ಠಾಣೆಯಿಂದ ಪ್ರಶ್ನೆ:
ನಮ್ಮ ಸೊಸೈಟಿ ಎದುರಿನ ಸೂಪರ್‌ಮಾರ್ಕೆಟ್‌ನಲ್ಲಿ ಮೀನಿನ ಕೌಂಟರ್ ಶುರುವಾಗಿದೆ. ಅಂಗೈ ಅಗಲವೂ ಇಲ್ಲದ ಪಾಪ್ಲೆಟ್ (ಪಾಂಫ್ರೆಟ್, ಮಾಂಜಿ) ಮರಿಗಳನ್ನು ಬರ್ಫ್ ಮೇಲೆ ರಾಶಿ ಹಾಕಿರುತ್ತಾರೆ. ಕೇಳಿದರೆ "ಮೇಲಿಂದ ಹಾಗೇ ಬರುತ್ತೆ" ಅಂತಾರೆ. ಸಮುದ್ರ ಬರಿದು ಮಾಡದಂಥ ಮೀನು ತರಿಸಿ ಅಂತ ಅಂಗಡಿಯವರಿಗೆ ಹೇಳಿ, ಏನಾದರೂ ಬದಲಾದದ್ದು ಕಂಡವರು ಇದ್ದೀರಾ?

ಮುಲುಂಡ್‌ನಿಂದ:
ಮೊದಲು, ಕೌಂಟರ್ ಹುಡುಗನ ಹತ್ತಿರ ಜಗಳ ಬೇಡ. ಮೀನು ತರಿಸುವುದು ಅವನಲ್ಲ. ಸ್ಟೋರ್ ಮ್ಯಾನೇಜರ್ ಹತ್ತಿರ ಖರೀದಿ ನೋಡಿಕೊಳ್ಳುವವರ ಇಮೇಲ್ ಕೇಳಿ ತೆಗೆದುಕೊಳ್ಳಿ. ಪರಿಸರ ಉಳಿಸಿ ಅಂತ ಉದ್ದ ಪತ್ರ ಬರೆದರೆ "ಧನ್ಯವಾದ" ಅಂತ ಒಂದು ಸಾಲು ಬರುತ್ತದೆ, ಅಷ್ಟೇ. ನಾವು ಸೊಸೈಟಿಯ ಕೆಲವು ಮನೆಯವರು ಸೇರಿ ಸೀದಾ ಕೇಳಿದೆವು: ಈ ಮೀನು ಯಾವ ಬಂದರಿನದು, ಯಾವ ಬಲೆಯದು, ಎಷ್ಟು ಉದ್ದಕ್ಕಿಂತ ಚಿಕ್ಕದನ್ನು ನೀವು ತೆಗೆದುಕೊಳ್ಳಲ್ಲ? ಜೊತೆಗೆ 2023ರ ಸರ್ಕಾರಿ ಆದೇಶದ ಪ್ರಿಂಟ್ ಇಟ್ಟೆವು. ಮಹಾರಾಷ್ಟ್ರದಲ್ಲಿ 54 ಜಾತಿಯ ಮೀನುಗಳಿಗೆ ಇಷ್ಟು ಉದ್ದಕ್ಕಿಂತ ಚಿಕ್ಕದು ಹಿಡಿಯಬಾರದು ಅಂತ ಆ ವರ್ಷ ನಿಯಮ ಬಂತು. ಅದೇ ವರ್ಷ ಬಿಳಿ ಪಾಪ್ಲೆಟ್ ರಾಜ್ಯದ ಮೀನು ಅಂತಲೂ ಆಯಿತು. ಸಮುದ್ರದ ಕಷ್ಟಕ್ಕೆ ಕರಗದ ಮ್ಯಾನೇಜರ್ ಆದೇಶ ಅಂದ ಕೂಡಲೇ ಫೋನ್ ಎತ್ತುತ್ತಾನೆ! ಸ್ವಲ್ಪ ದಿನಕ್ಕೆ ಪಾಪ್ಲೆಟ್ ಮರಿಗಳು ಕಾಣೆಯಾದವು. ಬಂದರಿನ ಹೆಸರು ಮಾತ್ರ ಇವತ್ತಿಗೂ ಬರೆದಿಲ್ಲ.

ಮೀರಾ ರೋಡ್‌ನಿಂದ:
ನಮ್ಮದು ಮಲ್ಪೆ ಕಡೆಯ ಮೀನುಗಾರರ ಮನೆ, ಅದಕ್ಕೆ ಒಂದು ಮಾತು. ಇದು ಬೇಡ ಅಂದರೆ ಸಾಲದು, ಬದಲಿಗೆ ಏನು ಇಡಬೇಕು ಅಂತಲೂ ಹೇಳಿ. ಅಂಗಡಿಯವರಿಗೆ ಗೊತ್ತಿರುವುದು ಪಾಪ್ಲೆಟ್, ಸುರ್ಮೈ, ರಾವಸ್, ಸಿಗಡಿ, ಅದು ಬಿಟ್ಟರೆ ಬಾಸಾ ಫಿಲೆಟ್. ಎಲ್ಲರೂ ಅದನ್ನೇ ಕೇಳುವುದರಿಂದ ದೊಡ್ಡದು ಸಿಗದಾಗ ಚಿಕ್ಕದನ್ನೂ ಬಳಿದು ತರುತ್ತಾರೆ. ನಾವು ಬಂಗುಡೆ, ಬೂತಾಯಿ ಇಡಿ ಅಂದೆವು. ಬೇಗ ಬೆಳೆದು ಬೇಗ ಮೊಟ್ಟೆ ಇಡುವ ಮೀನು, ಬೆಲೆಯೂ ಕಡಿಮೆ. ಹಾಗಂತ ಅದರ ಮರಿಯೂ ಬೇಡ. ಕೇರಳದಲ್ಲಿ 2015ರಲ್ಲೇ ಬಂಗುಡೆಗೆ 14 ಸೆಂ.ಮೀ., ಬೂತಾಯಿಗೆ 10 ಸೆಂ.ಮೀ. ಅಂತ ಮಿತಿ ಹಾಕಿದ್ದಾರೆ, ಸ್ಕೇಲ್ ಹಿಡಿದು ನೋಡಬಹುದು. ವಾರಕ್ಕೊಮ್ಮೆ ವಾಟ್ಸಾಪ್‌ನಲ್ಲಿ ಬಿಲ್ಡಿಂಗ್‌ನವರ ಆರ್ಡರ್ ಒಟ್ಟು ಮಾಡಿ ಹಿಂದಿನ ದಿನವೇ ಕೊಟ್ಟೆವು, ಯಾಕೆಂದರೆ ಬೂತಾಯಿ ಬೇಗ ಕೆಡುತ್ತದೆ, ಉಳಿದರೆ ನಷ್ಟ ಅಂತ ಅವರಿಗೆ ಹೆದರಿಕೆ. ಆ ಹೆದರಿಕೆ ಹೋದ ಮೇಲೆ ತಾವೇ ತರಿಸಲು ಶುರು ಮಾಡಿದರು.

ಇನ್ನೊಂದು. ಜೂನ್ 1ರಿಂದ ಜುಲೈ 31ರವರೆಗೆ ನಮ್ಮ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳಿಗೆ ರಜೆ. ಜುಲೈನಲ್ಲಿ ತಾಜಾ ಸುರ್ಮೈ ಕಂಡರೆ ಸುಮ್ನೆ ಕೂಗಾಡಬೇಡಿ. ಪೂರ್ವ ಕರಾವಳಿಯ ನಿಷೇಧ ಏಪ್ರಿಲ್ 15ರಿಂದ ಜೂನ್ 14ರವರೆಗೆ, ಆಮೇಲೆ ಅಲ್ಲಿಂದ ಬಂದಿರಬಹುದು. ಬಿಲ್ ತೋರಿಸಿ ಅಂತ ಕೇಳಿ.

ದಾದರ್‌ನಿಂದ:
ನನಗೆ ಸೂಪರ್‌ಮಾರ್ಕೆಟ್ ಮೇಲೆ ಅಷ್ಟು ನಂಬಿಕೆ ಇಲ್ಲ. ನಾನು ಒಂದು ಕಡೆ ಎಂಎಸ್‌ಸಿಯ ನೀಲಿ ಲೇಬಲ್ (ಸಮುದ್ರ ಬರಿದಾಗದಂತೆ ಹಿಡಿದ ಮೀನು ಅಂತ ಒಂದು ಅಂತಾರಾಷ್ಟ್ರೀಯ ಸಂಸ್ಥೆ ಕೊಡುವ ಗುರುತು) ಇರುವ ಮೀನು ಕೇಳಿದೆ. ತರಿಸಿದರು, ಹೊರದೇಶದ ಫ್ರೋಜನ್ ಸಾಲ್ಮನ್! ಭಾರತದಲ್ಲಿ ಆ ಸರ್ಟಿಫಿಕೇಟ್ ಮೊದಲು ಸಿಕ್ಕಿದ್ದು 2014ರಲ್ಲಿ, ಕೇರಳದ ಕೊಲ್ಲಂನ ಅಷ್ಟಮುಡಿ ಸರೋವರದ ಮರುವಾಯಿಗೆ (ಚಿಪ್ಪಿನೊಳಗಿನ ಜೀವಿ). ವರ್ಸೋವಾದ ಸಣ್ಣ ದೋಣಿಯವನು ಅಷ್ಟು ಖರ್ಚು ಎಲ್ಲಿಂದ ತರಬೇಕು? ಆದ್ದರಿಂದ ಲೇಬಲ್‌ಗೆ ಪಟ್ಟು ಹಿಡಿಯಬೇಡಿ.

ಸಿಟಿಲೈಟ್ ಮಾರ್ಕೆಟ್‌ನಲ್ಲಿ ನಾನು ಕೊಳ್ಳುವ ಕೋಲಿ ಮಾವಶಿ (ಇಲ್ಲಿನ ಮೀನುಗಾರ ಸಮುದಾಯದ ಹೆಂಗಸು) ಮೀನು ಎಲ್ಲಿಯದು ಅಂತ ಕೇಳಿದ ತಕ್ಷಣ ಹೇಳುತ್ತಾರೆ. ಅಂಗಡಿಯವರಿಗೂ ಅಂಥವರ ಹತ್ತಿರವೇ ಕೊಳ್ಳಿ ಅನ್ನಿ ಅಲ್ವಾ?

ಮುಲುಂಡ್‌ನಿಂದ ಮತ್ತೆ:
ದಾದರ್‌ನವರು ಹೇಳಿದ್ದು ಸರಿ, ಆದರೆ ನಮ್ಮ ಬಿಲ್ಡಿಂಗ್‌ನ ಹುಡುಗರು ಯಾರೂ ಮಾರ್ಕೆಟ್‌ಗೆ ಹೋಗಲ್ಲ, ಎಲ್ಲ ಆ್ಯಪ್‌ನಲ್ಲೇ. ಅಲ್ಲಿ ರಿವ್ಯೂನಲ್ಲಿ ಮೀನಿನ ಪಕ್ಕ ಸ್ಕೇಲ್ ಇಟ್ಟ ಫೋಟೋ ಹಾಕಿ. ನಮ್ಮ ಇಮೇಲ್‌ಗಿಂತ ಅದಕ್ಕೆ ಬೇಗ ಉತ್ತರ ಬಂತು.

ಠಾಣೆಯಿಂದ:
ಎಲ್ಲರಿಗೂ ಥ್ಯಾಂಕ್ಸ್. ಆದೇಶದ ಪ್ರಿಂಟ್ ಮತ್ತು ಬಂಗುಡೆ ಆರ್ಡರ್ ಎರಡನ್ನೂ ಒಟ್ಟಿಗೆ ತೆಗೆದುಕೊಂಡು ಹೋಗುತ್ತೇನೆ. ಮರಾಠಿಯಲ್ಲಿ ಪತ್ರ ಬರೆದುಕೊಡುವವರು ಇದ್ದರೆ ಹೇಳಿ.