ಕೆಳಗಿನ ರಸ್ತೆಯವರು ಯಾರೂ ಕಾರ್ ಸ್ಟಾರ್ಟ್ ಮಾಡಬೇಡಿ

ಮನೆ 27: ರಾತ್ರಿಯಿಡೀ ಕಣ್ಣು ಮುಚ್ಚಿಲ್ಲ. ಮತ್ತೆ ಅದೇ ಮೋರಿ, ಅದೇ ಮೂಲೆ. ಕಾರಿನೊಳಗೆ ಸೀಟಿನವರೆಗೆ ನೀರು ನಿಂತಿದೆ. ಬಾಗಿಲು ತೆಗೆದ ಕೂಡಲೇ ಕೆಸರು ನೀರು ಕಾಲ ಮೇಲೆ ಸುರಿಯಿತು. ಒಳಗಿದ್ದ ಕಾಗದಪತ್ರ ಎಲ್ಲಾ ಮುದ್ದೆಯಾಗಿದೆ. ಮಳೆಗಾಲಕ್ಕೆ ಮುಂಚೆ ಹೂಳು ತೆಗೆಸುತ್ತೇವೆ ಅಂತ ಮಾತು ಕೊಟ್ಟವರು ಈಗ ಬಂದು ನೋಡಿ. ಪ್ರತಿ ಸಲ ಕೆಳಗಿನ ರಸ್ತೆಯವರೇ ಯಾಕೆ ಅನುಭವಿಸಬೇಕು?

ಮನೆ 31: ನಮ್ಮದೂ ಮುಳುಗಿತ್ತು. ಈಗ ನೀರು ಇಳಿದಿದೆ. ಸ್ಟಾರ್ಟ್ ಆಗುತ್ತಾ ನೋಡೋಣ ಅಂತ ಕೆಳಗೆ ಹೋಗುತ್ತಿದ್ದೇನೆ.

ಮನೆ 18: ಬೇಡ ಸರ್! ಕೀ ತಿರುಗಿಸಲೇಬೇಡಿ. ಏರ್ ಫಿಲ್ಟರ್ ದಾಟಿ ನೀರು ಸಿಲಿಂಡರ್‌ಗೆ ಹೋಗಿದ್ದರೆ ಪಿಸ್ಟನ್ ಮೇಲೆ ಬರುವಾಗ ಗಾಳಿಯನ್ನು ಒತ್ತಿದ ಹಾಗೆ ನೀರನ್ನು ಒತ್ತೋಕೆ ಆಗಲ್ಲ, ಕನೆಕ್ಟಿಂಗ್ ರಾಡ್ ಬಗ್ಗಿಬಿಡುತ್ತದೆ, ಆಮೇಲೆ ಇಂಜಿನ್ ಪೂರ್ತಿ ಬಿಚ್ಚಬೇಕು. ಸುಮ್ಮನೆ ನಿಂತ ಕಾರಿಗೆ ನೀರು ನುಗ್ಗಿದ್ದರೆ ಇಂಜಿನ್ ಉಳಿಸಿಕೊಳ್ಳಬಹುದು. ಸ್ಟಾರ್ಟ್ ಮಾಡಿದಾಗಲೇ ಅದು ಹಾಳಾಗೋದು.

ಮನೆ 31: ಅಯ್ಯೋ, ಒಳ್ಳೇ ಟೈಮಿಗೆ ಹೇಳಿದಿರಿ. ಕೀ ಮನೆಯೊಳಗೆ ಇಟ್ಟು ಬಂದೆ.

ಮನೆ 3: ಇದೆಲ್ಲಾ ಆಮೇಲೆ. ಮೊದಲು ಮೂಲೆ ಮನೆಯವರು ಮೋರಿ ಮೇಲೆ ಹಾಕಿಸಿದ ರ‍್ಯಾಂಪ್ ಬಗ್ಗೆ ಮಾತಾಡಿ. ನಾನು ಅಧ್ಯಕ್ಷನಾಗಿದ್ದಾಗಲೇ ಬರವಣಿಗೆಯಲ್ಲಿ ಕೊಟ್ಟಿದ್ದೆ. ಯಾರಾದರೂ ಕೇಳಿದಿರಾ?

ಮನೆ 9: ಮೂಲೆ ಮನೆ ಅಂದರೆ ನಾವೇ ತಾನೆ, ಹೆಸರಿಟ್ಟೇ ಹೇಳಿ ಸರ್. ನಮ್ಮ ರ‍್ಯಾಂಪ್ ಕೆಳಗೆ ಪೈಪ್ ಇದೆ. ಮೇಲಿನ ರಸ್ತೆಯನ್ನು ನಿಮ್ಮ ಕಾಲದಲ್ಲಿ ಎತ್ತರ ಮಾಡಿಸಿದ್ದಕ್ಕೇ ನೀರೆಲ್ಲಾ ಕೆಳಗೆ ಬರುತ್ತಿರೋದು.

ಮನೆ 3: ಆ ಪೈಪ್‌ನಲ್ಲಿ ಒಂದು ತೆಂಗಿನಕಾಯಿ ಸಿಪ್ಪೆ ಸಿಕ್ಕರೆ ಸಾಕು, ಮುಗೀತು. ಫೋಟೋ ನನ್ನ ಹತ್ತಿರ ಇದೆ. ಹಾಕುತ್ತೇನೆ.

ಮನೆ 18: ಜಗಳ ಸಂಜೆ ಆಡೋಣ, ದಯವಿಟ್ಟು. ಈಗ ಹೊತ್ತು ಹೋದಷ್ಟೂ ಕಾರು ಹಾಳು. ಬಾನೆಟ್ ತೆಗೆದು ಬ್ಯಾಟರಿಯ ನೆಗೆಟಿವ್ ವೈರ್ ಮೊದಲು ಬಿಚ್ಚಿ. ಅದಕ್ಕೂ ಮುಂಚೆ ಒಂದು ಕೆಲಸ: ನೀರು ಎಲ್ಲಿವರೆಗೆ ಬಂದಿತ್ತು ಅಂತ ಬಾಗಿಲ ಮೇಲೆ ಕೆಸರಿನ ಗೆರೆ ಇರುತ್ತೆ, ನಂಬರ್ ಪ್ಲೇಟ್ ಸಮೇತ ಅದರ ಫೋಟೋ ತೆಗೆದುಕೊಳ್ಳಿ. ತೊಳೆದುಬಿಟ್ಟರೆ ಇನ್ಶೂರೆನ್ಸ್‌ನವರಿಗೆ ತೋರಿಸೋಕೆ ಏನೂ ಉಳಿಯಲ್ಲ. ಆಮೇಲೆ ಡಿಪ್‌ಸ್ಟಿಕ್, ಅಂದರೆ ಇಂಜಿನ್ ಆಯಿಲ್ ನೋಡುವ ಕಡ್ಡಿ, ಎಳೆದು ನೋಡಿ. ಆಯಿಲ್ ಹಾಲು ಬೆರೆಸಿದ ಕಾಫಿ ಬಣ್ಣಕ್ಕೆ ತಿರುಗಿದ್ದರೆ ಇಂಜಿನ್‌ಗೆ ನೀರು ಹೋಗಿದೆ ಅಂತಲೇ ಲೆಕ್ಕ. ಬಣ್ಣ ಸರಿ ಇದೆ ಅಂತ ಧೈರ್ಯ ಮಾಡಿ ಸ್ಟಾರ್ಟ್ ಮಾಡಬೇಡಿ, ಏರ್ ಫಿಲ್ಟರ್ ಡಬ್ಬಿ ತೆಗೆದು ಅದು ಒದ್ದೆಯಾಗಿದೆಯಾ ಅಂತಲೂ ನೋಡಿ.

ಮನೆ 40: ನಮ್ಮ ರಸ್ತೆಗೆ ಇನ್ನು ಕಾರು ಬೇಡ, ದೋಣಿ ಸ್ಟ್ಯಾಂಡ್ ಮಾಡೋಣ 😂

ಮನೆ 27: ನಗು ಬರುತ್ತಿಲ್ಲ ಸರ್.

ಮನೆ 12: *ಫಾರ್ವರ್ಡ್ ಮಾಡಲಾಗಿದೆ* ನೀರು ನುಗ್ಗಿದ ಕಾರಿನಲ್ಲಿ ರಾತ್ರಿ ಒಂದು ಬಟ್ಟಲು ಕಲ್ಲುಪ್ಪು ಇಟ್ಟು ಗಾಜು ಮುಚ್ಚಿ. ಬೆಳಿಗ್ಗೆಗೆ ತೇವ ಪೂರ್ತಿ ಮಾಯ! ಹತ್ತು ಜನರಿಗೆ ಕಳಿಸಿ.

ಮನೆ 18: ಮೇಡಂ, ಇದನ್ನು ನಂಬಿ ಯಾರೂ ಗಾಜು ಮುಚ್ಚಬೇಡಿ. ನೀರು ಇರೋದು ಕಾರ್ಪೆಟ್ ಕೆಳಗಿನ ದಪ್ಪ ಫೋಮ್‌ನಲ್ಲಿ. ಮೇಲೆ ಕೈ ಇಟ್ಟರೆ ಒಣಗಿದ ಹಾಗೆ ಅನಿಸುತ್ತೆ, ಬೆರಳಿನಿಂದ ಒತ್ತಿದರೆ ಬುಳುಬುಳು ಅಂತ ನೀರು ಮೇಲೆ ಬರುತ್ತೆ. ಸೀಟು ಬಿಚ್ಚಿ, ಕಾರ್ಪೆಟ್ ಎತ್ತಿ ಹೊರಗೆ ಹಾಕಬೇಕು. ಒಂದೆರಡು ದಿನ ಬಿಟ್ಟರೆ ಬೂಸ್ಟು ಹಿಡಿಯೋಕೆ ಶುರುವಾಗುತ್ತೆ. ಆ ವಾಸನೆ ಒಂದು ಸಲ ಕೂತರೆ ಬಿಡಿಸೋದು ಕಷ್ಟ. ಸೀಟಿನ ಕೆಳಗಿನ ಹಳದಿ ಬಣ್ಣದ ವೈರ್‌ಗಳು ಏರ್‌ಬ್ಯಾಗ್‌ನವು. ಅವನ್ನು ನೀವೇ ಎಳೆಯಬೇಡಿ, ಗೊತ್ತಿದ್ದವರ ಕೈಲೇ ತೆಗೆಸಿ.

ಮನೆ 22: ನಮ್ಮದು ಎಲೆಕ್ಟ್ರಿಕ್. ಬ್ಯಾಟರಿಗೆ ಐಪಿ 67 ಇದೆ ಅಂತ ಕೊಳ್ಳುವಾಗ ಹೇಳಿದ್ದರು. ಹೆದರಬೇಕಾ?

ಮನೆ 18: ಐಪಿ 67 ಅಂದರೆ 1 ಮೀಟರ್ ನೀರಿನಲ್ಲಿ 30 ನಿಮಿಷ ತಡೆಯುತ್ತದೆ ಅಂತ, ಅದೂ ಪರೀಕ್ಷೆಯ ಶುದ್ಧ ನೀರಿನಲ್ಲಿ. ನಮ್ಮಲ್ಲಿ ರಾತ್ರಿಯಿಡೀ ನಿಂತಿತ್ತು. ಚಾರ್ಜ್‌ಗೆ ಹಾಕಲೇಬೇಡಿ. ಕಿತ್ತಳೆ ಬಣ್ಣದ ಕೇಬಲ್ ಮುಟ್ಟಬೇಡಿ. ಒಳಗೆ ನೀರು ಹೋಗಿದ್ದರೆ ಬೆಂಕಿ ಆಗಲೇ ಬರಬೇಕು ಅಂತಿಲ್ಲ, ಎಷ್ಟೋ ದಿನ ಬಿಟ್ಟೂ ಬರಬಹುದು. ಮನೆಗೆ ಅಂಟಿದ ಶೆಡ್‌ನಲ್ಲಿ ಇರುವುದನ್ನು ಬಯಲಿಗೆ ಸಾಗಿಸಬೇಕು. ಕಂಪನಿಯವರಿಗೆ ಫೋನ್ ಮಾಡಿ, ಅವರೇ ಬಂದು ತೆಗೆದುಕೊಂಡು ಹೋಗಲಿ.

ಮನೆ 22: ಶೆಡ್ ಮೇಲೇ ಅಪ್ಪ ಮಲಗುವ ರೂಮ್ ಇದೆ. ಈಗಲೇ ಫೋನ್ ಮಾಡುತ್ತೇನೆ.

ಮನೆ 3: ಇದೋ ಫೋಟೋ. ಪೈಪ್ ಬಾಯಿ ನೋಡಿ. ಇದರಲ್ಲಿ ನೀರು ಹೋಗುತ್ತಾ? ಎಲ್ಲರೂ ಉತ್ತರ ಕೊಡಿ.

ಮನೆ 9: ಇದು ಹೋದ ವರ್ಷದ ಫೋಟೋ! ಆಮೇಲೆ ನಾವೇ ಕೈಯಿಂದ ದುಡ್ಡು ಹಾಕಿ ಸ್ವಚ್ಛ ಮಾಡಿಸಿದ್ದೇವೆ.

ಮನೆ 3: ಮಾಡಿಸಿದ್ದಕ್ಕೆ ದಾಖಲೆ?

ಮನೆ 35: ನನ್ನದು ಥರ್ಡ್ ಪಾರ್ಟಿ ಇನ್ಶೂರೆನ್ಸ್ ಮಾತ್ರ. ಏನಾದರೂ ಸಿಗುತ್ತಾ ಅಣ್ಣಾ?

ಮನೆ 18: ಇಲ್ಲಪ್ಪ, ಅದು ಬೇರೆಯವರಿಗೆ ಆದ ನಷ್ಟಕ್ಕೆ ಮಾತ್ರ. ನಿನ್ನ ಕಾರಿಗೆ ಬೇಕಿದ್ದರೆ ಸ್ವಂತ ಡ್ಯಾಮೇಜ್ ಸೇರಿದ ಪಾಲಿಸಿ ಇರಬೇಕಿತ್ತು. ಅದು ಇರುವವರಿಗೂ ಹೇಳುತ್ತೇನೆ: ನೀರಿನಲ್ಲಿ ಸ್ಟಾರ್ಟ್ ಮಾಡಿ ಇಂಜಿನ್ ಹೋದರೆ ನೀವೇ ಮಾಡಿಕೊಂಡಿದ್ದು ಅಂತ ಕ್ಲೇಮ್ ನಿರಾಕರಿಸಬಹುದು. ಇಂಜಿನ್ ಪ್ರೊಟೆಕ್ಷನ್ ಅಂತ ಪಾಲಿಸಿಯಲ್ಲಿ ಬೇರೆ ಸೇರಿಸಿದ್ದೀರಾ ನೋಡಿಕೊಳ್ಳಿ. ಸರ್ವೇಯರ್ ಬಂದು ನೋಡುವ ತನಕ ರಿಪೇರಿ ಶುರು ಮಾಡಿಸಬೇಡಿ. ಒಳಗಿನ ನೀರು ತೆಗೆಯುವುದನ್ನು ಮಾತ್ರ ಅವರಿಗೆ ಫೋನ್‌ನಲ್ಲಿ ತಿಳಿಸಿ, ಫೋಟೋ ಇಟ್ಟುಕೊಂಡು ಮಾಡಿ.

ಮನೆ 27: ನಿಮ್ಮಿಂದ ತುಂಬಾ ಉಪಕಾರ ಆಯಿತು. ಒಬ್ಬೊಬ್ಬರೇ ಓಡಾಡೋದು ಬೇಡ. ಎಲ್ಲರಿಗೂ ಒಂದೇ ಟೋಯಿಂಗ್ ಗಾಡಿ ಕರೆಸೋಣ. ಯಾರ ಕಾರು ಇದೆ, ಪೆಟ್ರೋಲಾ ಡೀಸೆಲ್ಲಾ, ಆಟೋಮ್ಯಾಟಿಕ್ಕಾ, ನೀರು ಎಲ್ಲಿವರೆಗೆ ಬಂದಿತ್ತು ಅಂತ ಕೆಳಗೆ ಬರೆಯಿರಿ.
27: ಪೆಟ್ರೋಲ್, ಆಟೋಮ್ಯಾಟಿಕ್, ಸೀಟಿನವರೆಗೆ
31: ಡೀಸೆಲ್, ಮ್ಯಾನುಯಲ್, ಬಾಗಿಲ ಅಂಚಿನ ಮೇಲೆ

ಮನೆ 18: ಆಟೋಮ್ಯಾಟಿಕ್ ಇದ್ದವರು ಪೂರ್ತಿ ಕಾರನ್ನು ಮೇಲೆ ಹೊರುವ ಫ್ಲ್ಯಾಟ್‌ಬೆಡ್ ಗಾಡಿಯನ್ನೇ ಕೇಳಿ. ಹಗ್ಗ ಕಟ್ಟಿ ಎಳೆಸಿದರೆ ಗೇರ್‌ಬಾಕ್ಸೂ ಹೋಗಬಹುದು. ಗ್ಯಾರೇಜ್‌ನಲ್ಲಿ ಇಂಜಿನ್ ಆಯಿಲ್ ಒಂದನ್ನೇ ಬದಲಾಯಿಸಿ ಕಳಿಸಿದರೆ ಒಪ್ಪಬೇಡಿ. ಗೇರ್ ಆಯಿಲ್, ಬ್ರೇಕ್ ಆಯಿಲ್, ಡೀಸೆಲ್ ಟ್ಯಾಂಕ್ ಎಲ್ಲಾ ನೋಡಿಸಿ. ವೈರಿಂಗ್ ಸಾಕೆಟ್‌ಗಳನ್ನು ಬಿಚ್ಚಿ ಒಣಗಿಸಲೇಬೇಕು. ಇವತ್ತು ಎಲ್ಲಾ ಲೈಟ್ ಉರಿಯುತ್ತೆ, ಕೆಲವು ವಾರ ಬಿಟ್ಟು ಪಿನ್‌ಗಳಲ್ಲಿ ಹಸಿರು ಕಿಲುಬು ಹಿಡಿದು ಒಂದೊಂದಾಗಿ ಕೈ ಕೊಡುತ್ತೆ. ಹ್ಯಾಂಡ್‌ಬ್ರೇಕ್ ಎಳೆದು ಬಿಡಬೇಡಿ, ಒದ್ದೆ ಬ್ರೇಕ್ ಹಾಗೇ ಕಚ್ಚಿಕೊಳ್ಳುತ್ತೆ. ಚಕ್ರಕ್ಕೆ ಕಲ್ಲು ಕೊಡಿ ಸಾಕು.

ಮನೆ 31: ಗಾಡಿಯವರಿಗೆ ಫೋನ್ ಮಾಡಿದೆ. ಉದ್ದದ ಗಾಡಿ, ನಮ್ಮ ಮೂಲೆಯಲ್ಲಿ ತಿರುಗಲ್ಲ ಅನ್ನುತ್ತಾರೆ. ಎರಡೂ ಕಡೆ ಕಾರು ನಿಂತಿವೆ.

ಮನೆ 3: ನೋಡಿದಿರಾ! ನಾನು ಯಾವಾಗಿಂದ ಹೇಳುತ್ತಿದ್ದೇನೆ. ಮೂಲೆಯಲ್ಲಿ ನಿಲ್ಲಿಸೋದು ಯಾರು, ಎಲ್ಲರಿಗೂ ಗೊತ್ತು.

ಮನೆ 9: ರಾತ್ರಿ ನೀರು ಬಂತು ಅಂತ ಕೆಳಗಿನವರೇ ತಂದು ನಿಲ್ಲಿಸಿದ್ದು. ನಾವೇ ಜಾಗ ಬಿಟ್ಟುಕೊಟ್ಟೆವು. ಒಂದು ಥ್ಯಾಂಕ್ಸ್ ಇಲ್ಲ.

ಮನೆ 14: ಒಂದು ಮನೆಗೆ ಮೂರು ಮೂರು ಕಾರು ಇದ್ದರೆ ಇನ್ನೇನಾಗುತ್ತೆ?

ಮನೆ 27: ದಯವಿಟ್ಟು ಮೂಲೆಯಲ್ಲಿ ನಿಲ್ಲಿಸಿರುವವರು ಒಂದರ್ಧ ಗಂಟೆ ತೆಗೆದುಕೊಡಿ. ಪಟ್ಟಿಗೂ ಇನ್ನೂ ಯಾರೂ ಬರೆದಿಲ್ಲ.

ಮನೆ 14: ಮೊದಲು ಮನೆಗೆ ಒಂದೇ ಕಾರು ಅಂತ ನಿಯಮ ಮಾಡಿ.

ಮನೆ 40: ಸರಿಯಾದ ಮಾತು. ಸ್ಟಿಕರ್ ಕೊಡೋಣ.

ಮನೆ 3: ಭಾನುವಾರ ಬೆಳಿಗ್ಗೆ ಮೀಟಿಂಗ್ ಇಡುತ್ತಿದ್ದೇನೆ. ವಿಷಯ: ಪಾರ್ಕಿಂಗ್ ಮತ್ತು ಸ್ಟಿಕರ್. ಹೊತ್ತು ಉಳಿದರೆ ಮೋರಿ. ಬರುವವರು ಹೆಬ್ಬೆರಳು ಒತ್ತಿ.

ಮನೆ 12: 👍

ಮನೆ 14: 👍

ಮನೆ 36: ಬಾಡಿಗೆಯವರಿಗೂ ಸ್ಟಿಕರ್ ಇದೆಯಾ ಸರ್, ಅಥವಾ ಓನರ್‌ಗಳಿಗೆ ಮಾತ್ರಾನಾ?